ಕುನಿಮಾತ್ಸು ಸಾಯದ ದಿನ

ಕತ್ತಿಯೇಟಿಗೆ ಸಾಯುವುದು ಕುನಿಮಾತ್ಸುವಿನ ಕಸುಬು. ಉಜುಮಾಸಾದ ಸ್ಟುಡಿಯೋಗಳಲ್ಲಿ ತಯಾರಾಗುವ ಸಮುರಾಯ್ ಧಾರಾವಾಹಿಗಳಲ್ಲಿ ನಾಯಕ ಕತ್ತಿ ಬೀಸಿದಾಗ ಸಾಲಾಗಿ ಉರುಳುವವರಿರುತ್ತಾರಲ್ಲ, ಅವರಲ್ಲೊಬ್ಬ. ಆದರೆ ಎಲ್ಲರಂತೆ ಉರುಳುವವನಲ್ಲ. ಏಟು ಬಿದ್ದ ಕೂಡಲೇ ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸಿ, ತಲೆ ಇನ್ನೇನು ನೆಲಕ್ಕೆ ತಾಕಿತು ಅನ್ನುವಾಗ ಒಂದು ಗಳಿಗೆ ಹಾಗೇ ನಿಂತು, ಕಣ್ಣು ಮೇಲಕ್ಕೆ ತಿರುಗಿಸಿ, ಆಮೇಲೆ ದೊಪ್ಪೆಂದು ಬೀಳುತ್ತಿದ್ದ. ಇವನನ್ನು ಕಡಿದರೆ ಕಡಿದ ಹಾಗಿರುತ್ತದೆ ಎಂದು ದೊಡ್ಡ ದೊಡ್ಡ ನಟರು ಕೇಳಿ ಕರೆಸಿಕೊಳ್ಳುತ್ತಿದ್ದರು. ಮುಖ ಮಾತ್ರ ಯಾರಿಗೂ ನೆನಪಿಲ್ಲ. ಬೆಳಿಗ್ಗೆ ದರೋಡೆಕೋರನಾಗಿ ಸತ್ತು, ಮಧ್ಯಾಹ್ನ ಅನ್ನದುಂಡೆ ತಿಂದು, ಸಂಜೆ ಅರಮನೆಯ ಭಟನಾಗಿ ಮತ್ತೆ ಸಾಯುವವನ ಮುಖವನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ?

ಅಂಥವನಿಗೆ ಅರವತ್ತು ದಾಟಿದ ಮೇಲೆ ಹೆಸರಿರುವ ಪಾತ್ರವೊಂದು ಸಿಕ್ಕಿತು. ತೊಸುಕೆ ಎಂಬ ಅಕ್ಕಿ ಉಗ್ರಾಣದ ಮುದಿ ಕಾವಲುಗಾರ. ಮೊದಲ ಕಂತಿನಲ್ಲೇ ಒಬ್ಬ ಕಳ್ಳನನ್ನು ಕೊಲ್ಲುತ್ತಾನೆ, ಆ ಕೊಲೆಯ ಭಾರ ಹೊತ್ತುಕೊಂಡು ಕೊನೆಯ ಕಂತಿನವರೆಗೂ ಬದುಕುತ್ತಾನೆ. ಬದುಕುತ್ತಾನೆ! ಇದನ್ನು ಕುನಿಮಾತ್ಸು ಹೆಂಡತಿ ಫುಮಿಯೆಗೆ ಎರಡೆರಡು ಸಲ ಹೇಳಿದ.

"ಹಾಗಾದ್ರೆ ಇನ್ಮೇಲೆ ಈ ನೋವಿನ ಪಟ್ಟಿ ಕಡಿಮೆ ತಂದ್ರೆ ಸಾಕು ಅನ್ನಿ," ಎಂದಳು ಅವಳು, ಗಂಡನ ಸೊಂಟಕ್ಕೆ ಪಟ್ಟಿ ಅಂಟಿಸುತ್ತಲೇ. ಹೇಳಿದ್ದು ಅಷ್ಟೇ, ಆದರೆ ಆ ರಾತ್ರಿ ಸಾರಿಗೆ ಒಳ್ಳೆಯ ಮೀನು ಬಿದ್ದಿತ್ತು.

ಪಾತ್ರ ಕೊಟ್ಟವಳು ಟೋಕಿಯೋದಿಂದ ಬಂದ ನಿರ್ದೇಶಕಿ ಶಿರಾಕಿ ರಿತ್ಸುಕೊ. ವಯಸ್ಸು ನಲವತ್ತರ ಆಸುಪಾಸು, ಮಾತು ಕಡಿಮೆ. ಬಂದ ದಿನವೇ ಎಲ್ಲರನ್ನೂ ಕೂರಿಸಿಕೊಂಡು ಕಡ್ಡಿ ಮುರಿದಂತೆ ಹೇಳಿದ್ದಳು: ತನ್ನ ಧಾರಾವಾಹಿಯಲ್ಲಿ ಕತ್ತಿಯನ್ನು ಗಿರಗಿರ ತಿರುಗಿಸುವಂತಿಲ್ಲ, ಸುತ್ತ ನಿಂತ ವೈರಿಗಳು ಒಬ್ಬೊಬ್ಬರಾಗಿ ಸರದಿಗೆ ಕಾಯುವಂತಿಲ್ಲ, ಸಾಯುವವರು ಚೆಂದಗೆ ಸಾಯುವಂತಿಲ್ಲ.

ಕತ್ತಿವರಸೆ ಜೋಡಿಸುವ ಸುಗಾಯಾ ಮೂಗು ಮುರಿದ. ಅವನೂ ಕುನಿಮಾತ್ಸುವೂ ಮೀಸೆ ಮೂಡುವ ವಯಸ್ಸಿನಲ್ಲೇ ಒಟ್ಟಿಗೆ ಸ್ಟುಡಿಯೋ ಸೇರಿದವರು. "ನಿಜವಾದ ಹೊಡೆದಾಟ ನೋಡ್ಬೇಕು ಅಂದ್ರೆ ಹೆಂಡದಂಗಡಿ ಮುಂದೆ ನಿಂತ್ರೆ ಆಯ್ತಪ್ಪ. ಅದಕ್ಕೆ ಕ್ಯಾಮೆರಾ ಯಾಕೆ, ದೀಪ ಯಾಕೆ, ನಾನ್ಯಾಕೆ?" ಅಂದ. ಜೋರಾಗಿ ಅಲ್ಲ, ಗೆಳೆಯನ ಕಿವಿಯಲ್ಲಿ.

ಅವನು ಹೇಳಿದ್ದರಲ್ಲೂ ಹುರುಳಿತ್ತು. ಜನ ದಿನವಿಡೀ ದುಡಿದು ಬಂದು ಟೀವಿ ಮುಂದೆ ಕೂರುವುದು ನಾಲ್ಕು ಹೊಳೆಯುವ ಕತ್ತಿ ನೋಡಲಿಕ್ಕೇ ಹೊರತು ಕೆಸರಲ್ಲಿ ಹೊರಳಾಡುವ ಮುದುಕನನ್ನು ನೋಡಲಿಕ್ಕಲ್ಲ. ಆದರೆ ಕೆಲವು ವರ್ಷಗಳಿಂದ ಹೊಳೆಯುವ ಕತ್ತಿಯನ್ನೂ ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ. ಅದು ಸುಗಾಯಾನಿಗೂ ಗೊತ್ತಿತ್ತು, ಅದಕ್ಕೇ ಅವನು ಪಿಸುಗುಟ್ಟಿದ್ದು.

ಚಿತ್ರೀಕರಣದ ದಿನ ಸುಡು ಬಿಸಿಲು. ವಿಗ್ಗಿನ ಅಂಚಿನಿಂದ ಬೆವರು ಧಾರಾಕಾರ ಇಳಿಯುತ್ತಿತ್ತು. ಉಗ್ರಾಣದ ಹಿಂದಿನ ಓಣಿಗೆ ನೀರು ಸುರಿದು ಕೆಸರು ಮಾಡಿದ್ದರು. ಕಳ್ಳನ ಪಾತ್ರ ಮಿಕುರಿಯಾ ಎಂಬ ಹುಡುಗನದು. ಕೆಂಡೋ ಕತ್ತಿವರಸೆಯಲ್ಲಿ ಪಳಗಿದವನು, ಬೀಸಿದರೆ ಗಾಳಿ ಸೀಳುತ್ತಿತ್ತು. ದೃಶ್ಯ ಸರಳ: ಕಳ್ಳ ಮೇಲೆ ಬೀಳುತ್ತಾನೆ, ತೊಸುಕೆ ಪಕ್ಕಕ್ಕೆ ಸರಿದು ಕಡಿಯುತ್ತಾನೆ, ಕಳ್ಳ ಸಾಯುತ್ತಾನೆ.

ಮಿಕುರಿಯಾ ಕತ್ತಿ ಎತ್ತಿದ. ಬಿದಿರಿಗೆ ಬೆಳ್ಳಿ ಕಾಗದ ಸುತ್ತಿದ ಕತ್ತಿ ಬಿಸಿಲಿಗೆ ಮಿಂಚಿತು. ಕುನಿಮಾತ್ಸುವಿನ ಬೆನ್ನು ಬಿಲ್ಲಾಯಿತು, ಕಣ್ಣು ಮೇಲಕ್ಕೆ ತಿರುಗಿತು, ದೊಪ್ಪೆಂದು ಬಿದ್ದ. ಸೊಗಸಾಗಿ ಸತ್ತಿದ್ದ.

ದೀಪದವರಿಂದ ಹಿಡಿದು ಚಹಾ ತರುವವಳವರೆಗೂ ಬಿದ್ದು ಬಿದ್ದು ನಕ್ಕರು.

"ಕುನಿಸಾನ್, ಇವತ್ತು ನೀವು ಸಾಯೋ ಹಾಗಿಲ್ಲ," ಎಂದಳು ರಿತ್ಸುಕೊ, ನಗು ತಡೆದುಕೊಂಡು.

"ಕ್ಷಮಿಸಿ ಡೈರೆಕ್ಟರ್ರೇ. ಅಭ್ಯಾಸಬಲ."

ಎರಡನೆಯ ಸಲವೂ ಸತ್ತ. ಮೂರನೆಯ ಸಲ ಮಿಕುರಿಯಾ ಕತ್ತಿ ಎತ್ತುವ ಮೊದಲೇ ಸತ್ತ. ಆಗ ಯಾರೂ ನಗಲಿಲ್ಲ. ಕೆಸರಿನಲ್ಲಿ ಅಂಗಾತ ಮಲಗಿದ್ದ ಕುನಿಮಾತ್ಸುವಿಗೆ ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

"ಊಟ ಮುಗಿಸಿ ಇನ್ನೊಂದು ಸಲ ನೋಡೋಣ," ಎಂದಳು ರಿತ್ಸುಕೊ. ಆಮೇಲೆ ಹತ್ತಿರ ಬಂದು, "ಆಗ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ಕರೀಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ," ಎಂದು ಮೆಲ್ಲಗೆ ಹೇಳಿದಳು.

ಊಟದ ಡಬ್ಬಿ ಕುನಿಮಾತ್ಸುವಿನ ತೊಡೆಯ ಮೇಲೆ ಮುಚ್ಚಿದಂತೆಯೇ ಇತ್ತು. ಸುಗಾಯಾ ಪಕ್ಕದಲ್ಲಿ ಕುಳಿತ.

"ಲೇ ಕುನಿ, ಏನೋ ಆಗಿದೆ ನಿಂಗೆ? ಸಾಯೋಕೆ ಅಷ್ಟು ಅವಸರವೇನೋ?"

"ಅವನ ಭುಜ ಮೇಲೆ ಹೋದ ತಕ್ಷಣ ನನ್ನ ಬೆನ್ನು ಬಾಗತ್ತೆ ಕಣೋ. ನಾನು ಬೇಡ ಬೇಡ ಅಂದ್ರೂ ಕೇಳಲ್ಲ."

"ಮೊದ್ಲು ಕತ್ತೀನ ಒಂದು ಸುತ್ತು ತಿರುಗಿಸಿಬಿಡು. ಕೈಗೆ ಕೆಲಸ ಸಿಕ್ರೆ ಬೆನ್ನು ಸುಮ್ಮನಿರತ್ತೆ."

"ತಿರುಗಿಸಿದ್ರೆ ಅವಳು ನನ್ನ ಕೆಲಸದಿಂದ್ಲೇ ತಿರುಗಿಸಿ ಕಳಿಸ್ತಾಳೆ."

ಅಷ್ಟರಲ್ಲಿ ರಿತ್ಸುಕೊ ತನ್ನ ಡಬ್ಬಿ ಹಿಡಿದುಕೊಂಡು ಅಲ್ಲಿಗೇ ಬಂದಳು. ಸುಗಾಯಾ ಎದ್ದು ಜಾಗ ಬಿಟ್ಟ. ಅವಳು ಕೂತು ಉಪ್ಪಿನಕಾಯಿ ಕಡಿದಳು.

"ಚಿಕ್ಕವಳಿದ್ದಾಗ ನಮ್ಮನೇಲಿ ಹಾಸಿಗೆ ಮೇಲೆ ನಿಂತು ನಿಮ್ಮ ಥರಾನೇ ಬೀಳ್ತಿದ್ದೆ, ಗೊತ್ತಾ? ನಮ್ಮಮ್ಮ ಬೈದು ಬೈದು ಸಾಕಾಗಿದ್ರು," ಎಂದಳು.

ಕುನಿಮಾತ್ಸು ತಬ್ಬಿಬ್ಬಾದ. "ಮತ್ತೆ ಇಲ್ಲಿ ಹಾಗೆ ಬೀಳ್ಬಾರದು ಅಂತೀರಲ್ಲ?"

"ನೀವು ಸಾಯೋದು ನೋಡಿ ನಂಗೆ ಯಾವತ್ತೂ ಹೆದರಿಕೆ ಆಗ್ಲಿಲ್ಲ ಕುನಿಸಾನ್. ಖುಷಿ ಆಗ್ತಿತ್ತು. ಈ ಕಥೇಲಿ ಒಬ್ಬ ಮನುಷ್ಯ ಸತ್ರೆ ನೋಡೋರ ಎದೆ ಧಸಕ್ ಅನ್ನಬೇಕು. ನಂಗೆ ಬೇಕಾಗಿರೋದು ಅಷ್ಟೇ."

"ನನ್ನೆದೆ ಆಗಿನಿಂದ ಧಸಕ್ ಅಂತಾನೇ ಇದೆ. ಎಲ್ಲಿ ಮತ್ತೆ ಬಿದ್ದುಬಿಡ್ತೀನೋ ಅಂತ."

ರಿತ್ಸುಕೊ ಅವನ ಕಡೆ ತಿರುಗಿದಳು. "ಅದನ್ನ ಮುಚ್ಚಿಡ್ಬೇಡಿ. ತೊಸುಕೆಗೂ ಹೆದರಿಕೆ ಆಗತ್ತಲ್ವಾ?"

ಊಟವಾಯಿತು. ಎಲ್ಲರೂ ಜಾಗಕ್ಕೆ ಬಂದರು. ಕುನಿಮಾತ್ಸು ಇಷ್ಟು ವರ್ಷ ಹೆದರಿದವನಂತೆ ನಟಿಸಿದ್ದನೇ ಹೊರತು ಕ್ಯಾಮೆರಾ ಮುಂದೆ ನಿಜವಾಗಿ ಹೆದರಿದ್ದಿಲ್ಲ. ಈಗ ಕೈ ನಡುಗುತ್ತಿತ್ತು, ನಡುಗಲು ಬಿಟ್ಟ. ಮಿಕುರಿಯಾನ ಭುಜ ಮೇಲೆದ್ದಿತು. ಬೆನ್ನು ಹಿಂದಕ್ಕೆ ಎಳೆಯಿತು. ಬೇಡ ಎಂದು ಕುನಿಮಾತ್ಸು ಹಲ್ಲು ಕಚ್ಚಿದ. ಅತ್ತ ಬೀಳಲೂ ಆಗದೆ ಇತ್ತ ನಿಲ್ಲಲೂ ಆಗದೆ ಮಂಡಿ ಕುಸಿದು ಕೆಸರಿನಲ್ಲಿ ಪಚಕ್ಕೆಂದು ಕುಳಿತುಬಿಟ್ಟ. ಕಣ್ಣು ಮುಚ್ಚಿಕೊಂಡು, ಎರಡೂ ಕೈಯಲ್ಲಿ ಕತ್ತಿಯನ್ನು ಮುಂದಕ್ಕೆ ಚಾಚಿದ.

ಮಿಕುರಿಯಾನ ಕತ್ತಿ ಅವನ ತಲೆ ಇದ್ದ ಜಾಗದಲ್ಲಿ ಬರೀ ಗಾಳಿಯನ್ನು ಸೀಳಿತು. ಬಂದ ವೇಗಕ್ಕೆ ಹುಡುಗನಿಗೆ ನಿಲ್ಲಲಾಗಲಿಲ್ಲ. ಕುನಿಮಾತ್ಸುವಿನ ಬಿದಿರು ಕತ್ತಿ ಕ್ಯಾಮೆರಾಕ್ಕೆ ಕಾಣದ ಬದಿಯಿಂದ ಅವನ ಕಂಕುಳಡಿ ಹಾದುಹೋಯಿತು; ನೋಡುವವರಿಗೆ ಎದೆ ಹೊಕ್ಕಂತೆಯೇ ಕಂಡಿತು. ತಾಲೀಮಿನಲ್ಲಿ ಇದಾವುದೂ ಇರಲಿಲ್ಲ. ಸಾಯಬೇಕೆಂದು ಹುಡುಗನಿಗೆ ಗೊತ್ತಾಯಿತು, ಹೇಗೆಂದು ಗೊತ್ತಾಗಲಿಲ್ಲ. ಅವನ ಕಾಲು ಜಾರಿತು, ತಲೆ ಚರಂಡಿಯ ಕಲ್ಲಿನತ್ತ ವಾಲಿತು.

ಬೀಳುವವನ ಕಷ್ಟ ಕುನಿಮಾತ್ಸುವಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು? ಕತ್ತಿ ಬಿಸಾಡಿ ಹುಡುಗನನ್ನು ಎದೆಗೆ ತಬ್ಬಿ ಹಿಡಿದ.

"ಹೆದರ್ಬೇಡ ಮಗಾ, ಕುತ್ತಿಗೆ ಸಡಿಲ ಬಿಡು," ಎಂದು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ. "ಈಗ ಉಸಿರು ಬಿಡು. ಮೆಲ್ಲಗೆ. ನಾನಿದ್ದೀನಿ."

ಹುಡುಗ ಉಸಿರು ಬಿಟ್ಟ. ಅವನ ತಲೆ ಕುನಿಮಾತ್ಸುವಿನ ತೋಳಿನ ಮೇಲೆ ಒರಗಿತು. ಇಷ್ಟೊಂದು ಸಲ ಸತ್ತಿದ್ದ ಕುನಿಮಾತ್ಸು ಸತ್ತವನೊಬ್ಬನನ್ನು ಹೀಗೆ ಹಿಡಿದುಕೊಂಡದ್ದು ಅದೇ ಮೊದಲು. ಎಷ್ಟು ಎಳೆಯ ಮುಖ ಅನ್ನಿಸಿತು. ಸಂಕಟ ಒತ್ತರಿಸಿ ಬಂತು, ತಡೆಯಲಿಲ್ಲ, ಅತ್ತುಬಿಟ್ಟ.

"ಕಟ್," ಎಂಬ ಮಾತು ಬಹಳ ತಡವಾಗಿ ಬಂತು. ರಿತ್ಸುಕೊಳ ಕಣ್ಣು ಕೆಂಪಾಗಿತ್ತು.

"ನೀವು ಹೇಳ್ಕೊಟ್ರಾ?" ಎಂದು ಸುಗಾಯಾನನ್ನು ಕೇಳಿದಳು.

"ನಾನಾ? ನಾನು ಹೇಳ್ಕೊಟ್ಟಿದ್ರೆ ಇಷ್ಟು ಅಸಹ್ಯವಾಗಿ ಕೂರ್ತಿದ್ನಾ ಅವ್ನು?" ಸುಗಾಯಾ ಕೊರಳಿನ ಟವೆಲ್ಲಿನಲ್ಲಿ ಮೂಗು ಒರೆಸಿಕೊಂಡ. "ಆದ್ರೂ ಡೈರೆಕ್ಟರ್ರೇ, ಹುಡುಗನ್ನ ಹಿಡ್ಕೊಂಡ್ನಲ್ಲ, ಅದು ನಮ್ಮ ಹಳೇ ಗರಡಿದು. ಅದನ್ನ ಕತ್ತರಿಸ್ಬೇಡಿ."

"ಕತ್ತರಿಸ್ತೀನಾ!" ಎಂದಳು ರಿತ್ಸುಕೊ.

ಸಂಜೆ ಕುನಿಮಾತ್ಸು ವಿಗ್ಗು ಕಳಚಿ, ಮುಖ ತೊಳೆದು, ಕೆಸರಾದ ನಿಲುವಂಗಿಯನ್ನು ಮಡಚಿ ಒಗೆಯುವ ಬುಟ್ಟಿಗೆ ಹಾಕಲು ಹೋದ. ಸತ್ತವರ ಬಟ್ಟೆ ಅಂದಂದೇ ಒಗೆತಕ್ಕೆ ಹೋಗುತ್ತದೆ, ಮಾರನೇ ದಿನ ಅದನ್ನುಟ್ಟು ಬೇರೆ ಯಾರೋ ಸಾಯಬೇಕಲ್ಲ.

ಉಡುಪಿನ ಮೇಲ್ವಿಚಾರಕಿ ಓಡಿಬಂದು ಕೈಯಿಂದ ಕಿತ್ತುಕೊಂಡಳು. "ಅಯ್ಯೋ, ಏನ್ಮಾಡ್ತಿದ್ದೀರಿ! ಇದನ್ನ ಒಗೆದ್ರೆ ನನ್ನ ಗತಿ ಏನು? ನಾಳೆ ತೊಸುಕೆ ಇದೇ ಕೆಸರಲ್ಲೇ ಮನೆಗೆ ಹೋಗ್ಬೇಕು."

ಅವಳು ಆ ನಿಲುವಂಗಿಯನ್ನು ಒಂದು ಕಲೆಯೂ ಅಳಿಯದಂತೆ ಹುಷಾರಾಗಿ ಗೂಟಕ್ಕೆ ನೇತುಹಾಕಿದಳು. ಕುನಿಮಾತ್ಸು ಅದನ್ನೇ ನೋಡುತ್ತಾ ನಿಂತ.

"ನಾಳೆ ನಾನು ಎಷ್ಟು ಹೊತ್ತಿಗೆ ಬರ್ಲಮ್ಮ?" ಎಂದು ಕೇಳಿದ. ಸತ್ತ ಪಾತ್ರಕ್ಕೆ ನಾಳೆ ಇರುವುದಿಲ್ಲವಾದ್ದರಿಂದ ಈ ಪ್ರಶ್ನೆಯನ್ನು ಅವನು ಈ ಮೊದಲು ಯಾರನ್ನೂ ಕೇಳಿರಲಿಲ್ಲ.