ಚೆಂಬೂರಿನಲ್ಲಿ ಉಳುಮೆಯ ಪಾಠ

ಕುರ್ಲಾದ ಆ ಕನ್ನಡ ಶಾಲೆಯಲ್ಲಿ ಮಣ್ಣೆಂದರೆ ಗಚ್ಚಿನ ಮೇಲಿನ ಎರಡು ಸೀಮೆಎಣ್ಣೆ ಡಬ್ಬಗಳಲ್ಲಿ ಇದ್ದದ್ದು ಅಷ್ಟೇ. ಒಂದರಲ್ಲಿ ಒಣಗಿದ ತುಳಸಿ, ಇನ್ನೊಂದರಲ್ಲಿ ಜವಾನ ಉಗುಳಿದ ಎಲೆಯಡಿಕೆ. ಅಂಥ ಶಾಲೆಗೂ ಆ ವರ್ಷ ಕೃಷಿವಿಜ್ಞಾನ ಬಂತು. ಪುಸ್ತಕ ಬಂತು, ಬಣ್ಣದ ಪಟ ಬಂತು, ಕಡೆಗೆ ಕಲಿಸುವವರಿಗೂ ಕಲಿಸಬೇಕೆಂಬ ಹುಕುಮು ಬಂತು. ೧೯೫೪ರ ದೀಪಾವಳಿ ರಜೆಯಲ್ಲಿ ನೀಲಕಂಠಪ್ಪ ಮಾಸ್ತರ ಇಸ್ತ್ರಿ ಪ್ಯಾಂಟು ತೊಟ್ಟು, ಲೋಕಲ್ ಹಿಡಿದು ದಿನಾಲೂ ಚೆಂಬೂರಿಗೆ ಹೋಗತೊಡಗಿದ.

ಅಲ್ಲಿ ಒಂದು ಶಾಲೆಯ ಹಿಂದಿನ ಬಯಲೇ ತರಬೇತಿ ಕೇಂದ್ರ. ಪಾಠ ಹೇಳಲು ಪುಣೆಯಿಂದ ಒಬ್ಬ ಸಾಹೇಬ ಬಂದಿದ್ದ. ಗೊಬ್ಬರ ಗುಂಡಿಯ ಪಾಠದ ದಿನ ಅವನು ಗಾಳಿ ಬೀಸುವ ದಿಕ್ಕು ನೋಡಿ, ಗುಂಡಿಯಿಂದ ಆದಷ್ಟು ದೂರ ಕುರ್ಚಿಗಳನ್ನು ಹಾಕಿಸಿ, ಉದ್ದನೆಯ ಕೋಲಿನಿಂದ ಗುಂಡಿಯತ್ತ ತೋರಿಸಿದ. ಮಾಸ್ತರರು ಮೂಗಿಗೆ ಕರವಸ್ತ್ರ ಹಿಡಿದು ಬರೆದುಕೊಂಡರು. ಬೀಜದ ಪಾಠದ ದಿನ ಬೀಜ ಬರಲಿಲ್ಲ. ಅದರ ಚಿತ್ರ ಬಂತು. ಯಾರಿಗೂ ಬೇಸರವಾಗಲಿಲ್ಲ. ಎಲ್ಲರಿಗೂ ಬೇಕಾದದ್ದು ಸರ್ಟಿಫಿಕೇಟು, ಅದು ಎಲ್ಲರಿಗೂ ಸಿಗುವುದಿತ್ತು. ನಪಾಸು ಮಾಡಿದರೆ ಸಾಹೇಬ ಮತ್ತೆ ಬಂದು ಕಲಿಸಬೇಕಾಗುತ್ತಿತ್ತು.

ನೀಲಕಂಠಪ್ಪ ಉಳಿದವರಿಗಿಂತ ದೊಡ್ಡ ಕರವಸ್ತ್ರ ಹಿಡಿಯುತ್ತಿದ್ದ. ಅದಕ್ಕೆ ಕಾರಣವಿತ್ತು. ಅವನ ಅಪ್ಪ ಮುದ್ದೇಬಿಹಾಳದ ಕಡೆಯ ಒಬ್ಬ ಗೌಡರ ಮನೆಯಲ್ಲಿ ಜೀತಕ್ಕಿದ್ದವನು, ಜೀತದಲ್ಲೇ ಸತ್ತವನು. ಮೀಸೆ ಮೂಡುವ ತನಕ ನೀಲಕಂಠಪ್ಪನೂ ಅದೇ ಗೌಡರ ಎತ್ತುಗಳ ಬಾಲ ನೋಡುತ್ತ ನಡೆದವನು. ಆಮೇಲೆ ಧರ್ಮದ ಬೋರ್ಡಿಂಗಿನಲ್ಲಿ ಉಂಡು, ಮಾಸ್ತರಿಕೆಗೆ ಬೇಕಾದ ಮುಲ್ಕಿ ಪರೀಕ್ಷೆ ಪಾಸಾಗಿ ಮುಂಬಯಿಗೆ ಹೊರಟ. ಸೊಲ್ಲಾಪುರದಲ್ಲಿ ರೈಲು ಹತ್ತುವಾಗ ಅವನು ಜೀತದಾಳಿನ ಮಗ. ದಾದರಿನಲ್ಲಿ ಇಳಿಯುವಾಗ ಗೌಡರ ಮಗ. ನೂರು ಎಕರೆ ಎರೆಭೂಮಿ, ಎಲ್ಲವೂ ದಾಯಾದಿಗಳ ಜೊತೆ ಕೋರ್ಟಿನಲ್ಲಿದೆ ಎಂದು ಹೇಳಿಟ್ಟಿದ್ದ. ಕೋರ್ಟಿನಲ್ಲಿರುವ ಭೂಮಿಯನ್ನು ನೋಡಲು ಯಾರೂ ಹೋಗುವುದಿಲ್ಲ.

ಹೆಡ್‌ಮಾಸ್ತರ ಶೆಟ್ಟೆಪ್ಪ ಇದನ್ನು ನಂಬಿ ಮಗಳು ಚಂದ್ರವ್ವನನ್ನು ಅವನಿಗೆ ಕೊಡಲು ಒಪ್ಪಿದ್ದ. ಶೆಟ್ಟೆಪ್ಪನಿಗೆ ಘಾಟ್ಕೋಪರ್‌ನಲ್ಲಿ ಎರಡು ಖೋಲಿಯ ಸ್ವಂತ ಮನೆ, ಮೇಲಿನ ಕಛೇರಿಯಲ್ಲಿ ಗುರುತು. ಮಗಳು ಒಬ್ಬಳೇ. ಚಾಳಿನಲ್ಲಿ ಆರು ಮಂದಿಯ ಜೊತೆ ಕಾಲು ಮಡಚಿ ಮಲಗುತ್ತಿದ್ದ ನೀಲಕಂಠಪ್ಪನಿಗೆ ಚಂದ್ರವ್ವನ ಮುಖಕ್ಕಿಂತ ಆ ಖೋಲಿಗಳ ಗೋಡೆ ಚೆನ್ನಾಗಿ ನೆನಪಿತ್ತು. ಮದುವೆಯ ತಾರೀಖು ಗೊತ್ತುಮಾಡುವುದೊಂದು ಬಾಕಿ.

ತರಬೇತಿಯ ಕೊನೆಯ ದಿನ ಹೆಡ್‌ಮಾಸ್ತರರನ್ನೂ ಕರೆದಿದ್ದರು. ಅವರ ಮುಂದೆ ಏನಾದರೂ ಮಾಡಿ ತೋರಿಸಬೇಕಲ್ಲ, ಸಾಹೇಬ ಕುರ್ಲಾದಿಂದ ಧೋಂಡಿಬಾ ಎಂಬ ಗಾಡಿಯವನ ಜೋಡೆತ್ತು ತರಿಸಿ, ನೇಗಿಲು ಕಟ್ಟಿಸಿ, ಪ್ರತಿಯೊಬ್ಬ ಮಾಸ್ತರನೂ ಒಂದು ಸಾಲು ಉಳಬೇಕೆಂದ. ಕುರ್ಚಿಗಳಲ್ಲಿ ಗದ್ದಲವಾಯಿತು.

ಮೊದಲು ಹೋದವನು ಸದಾನಂದ. ಮಾಟುಂಗದ ಉಡುಪಿ ಹೊಟೇಲಿನವರ ಹುಡುಗ, ಮಾತುಗಾರ. ಅವನ ನೇಗಿಲು ನೆಲದ ಮೇಲೆ ಬಾಚಣಿಗೆ ಎಳೆದ ಹಾಗೆ ಹೋಯಿತು.

"ನಾವು ಉಳುವುದು ದೋಸೆ ಕಾವಲಿ ಮಾತ್ರ ಮಾರಾಯ್ರೆ!" ಎಂದು ಕೈ ಝಾಡಿಸಿ ಬಂದ. ಎಲ್ಲರೂ ನಕ್ಕರು. ಸಾಹೇಬ ಪಾಸು ಎಂದ.

ನೀಲಕಂಠಪ್ಪನ ಸರದಿ ಬಂತು. ಸೊಟ್ಟಗೆ ಎಳೆದು ಬಂದುಬಿಡುವುದೆಂದು ಸದಾನಂದನ ಸಾಲು ನೋಡುವಾಗಲೇ ನಿಶ್ಚಯಿಸಿದ್ದ. ಆದರೆ ಹಿಡಿ ಮುಟ್ಟಿದ್ದೇ ತಡ, ಅಂಗೈ ತಾನಾಗಿ ತನ್ನ ಜಾಗ ಹುಡುಕಿಕೊಂಡಿತು. ನಾಲಿಗೆ ಲೊಚ್ಚೆಂದಿತು. ಗಾಡಿ ಎಳೆದು ಎಳೆದು ಮಂಕಾದ ಎತ್ತುಗಳು ಕಿವಿ ನಿಮಿರಿಸಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದವು. ಗುಳ ಆಳಕ್ಕಿಳಿಯಿತು, ಕರಿಮಣ್ಣು ಎರಡೂ ಬದಿಗೆ ಮಗುಚಿತು.

"ಅರೆ! ಇವನಿಗೆ ಬರ್ತದೆ!" ಸದಾನಂದ ಕೂಗಿದ. "ಹಿಡಿದದ್ದು ನೋಡಿ, ಹುಟ್ಟುವಾಗಲೇ ನೇಗಿಲು ಹಿಡ್ಕೊಂಡು ಬಂದವನ ಹಾಗೆ!"

ಸಾಲಿನ ಕೊನೆಯಲ್ಲಿ ಕೊಡೆ ಊರಿ ನಿಂತಿದ್ದ ಶೆಟ್ಟೆಪ್ಪ ಕಣ್ಣು ಕಿರಿದು ಮಾಡಿದ. "ಏನಪಾ ನೀಲಕಂಠಪ್ಪ, ನಿಮ್ಮ ಗೌಡಕಿ ಮನ್ಯಾಗ ಗಳೇನೂ ನೀವ ಹೊಡೀತಿದ್ರ್ಯಾ?"

ಅದು ತಮಾಷೆಯ ಮಾತಾಗಿರಲಿಲ್ಲ. ನೀಲಕಂಠಪ್ಪ ಕೂಡಲೇ ಹಿಡಿಯನ್ನು ಆಚೀಚೆ ಅಲುಗಿಸಿ ಸಾಲು ಕೆಡಿಸಿದ, ಎಡವಿದ ಹಾಗೆ ಮಾಡಿದ. ಶೆಟ್ಟೆಪ್ಪನ ಕಣ್ಣು ಅವನ ಕೈ ಬಿಟ್ಟು ಕದಲಲಿಲ್ಲ. ಅಷ್ಟರಲ್ಲಿ ಸಾಲು ಮುಗಿದು ತಿರುವು ಬಂತು.

ತಿರುವಿನಲ್ಲಿ ನೇಗಿಲು ಎತ್ತಿ ಹಿಡಿಯಬೇಕು. ಎತ್ತದೆ ತಿರುಗಿಸಿದರೆ ಗುಳ ಎತ್ತಿನ ಹಿಂಗಾಲಿಗೆ ಬಡಿಯುತ್ತದೆ. ಇದು ಗೊತ್ತಿಲ್ಲದವನು ಉಳುವವನಲ್ಲ. ನೀಲಕಂಠಪ್ಪನಿಗೆ ಗೊತ್ತಿತ್ತು, ಎತ್ತಲು ತೋಳು ಬಿಗಿಯಾಗಿಯೂ ಇತ್ತು. ಅವನು ತೋಳು ಸಡಿಲ ಬಿಟ್ಟು, ಹಗ್ಗ ಜಗ್ಗಿದ.

ತಿರುವಿನ ಒಳಬದಿಯ ಎತ್ತು ಹಿಂದಕ್ಕೆ ಸರಿದು ಗುಳದ ಮೇಲೆಯೇ ಕಾಲಿಟ್ಟಿತು. ಒಮ್ಮೆ ಒರಲಿ ಮೊಣಕಾಲೂರಿತು. ಗೊರಸಿನ ಮೇಲೆ ಬಾಯಿಬಿಟ್ಟ ಗಾಯ, ರಕ್ತ.

"ಅರೇ ಮಾಸ್ತರ್, ಹೇ ಕಾಯ್ ಕೇಲಂಸ್!" ಧೋಂಡಿಬಾ ಬಾಯಿ ಬಡಿದುಕೊಳ್ಳುತ್ತ ಓಡಿಬಂದ.

ಸಾಹೇಬ ಮಾತ್ರ ಗಾಬರಿಯಾಗಲಿಲ್ಲ. ಜಾನುವಾರುಗಳ ಪ್ರಥಮ ಚಿಕಿತ್ಸೆಯ ಪಾಠ ಹೇಗೂ ಉಳಿದುಹೋಗಿತ್ತು. ನಿಂತಲ್ಲಿಂದಲೇ ಕೋಲು ಚಾಚಿ ಗಾಯ ತೋರಿಸಿ, ಟಿಂಕ್ಚರ್ ಹಚ್ಚುವ ಕ್ರಮ ಹೇಳಿದ. ಮಾಸ್ತರರು ಬರೆದುಕೊಂಡರು. ಟಿಂಕ್ಚರ್ ಯಾರ ಹತ್ತಿರವೂ ಇರಲಿಲ್ಲ.

ಶೆಟ್ಟೆಪ್ಪ ಬಂದು ನೀಲಕಂಠಪ್ಪನ ಬೆನ್ನು ತಟ್ಟಿದ. ಮುಖ ಅರಳಿತ್ತು.

"ಖರೇ ಹೇಳ್ತೇನಿ, ನನಗ ಒಂದ್ ಗಳಿಗಿ ಸಂಶಯ ಬಂದಿತ್ತ ನೋಡ. ಛೇ ಛೇ! ಆಳು ಇಟ್ಟ ಮನಿತನ, ನಿಮಗೆಲ್ಲಿ ತಿಳೀಬೇಕ ಇದೆಲ್ಲಾ! ಐತವಾರ ಮನೀಗೆ ಬಾ. ತಾರೀಖ ಹಿಡಿಯೂಣು."

"ಆತ್ರೀ," ಎಂದ ನೀಲಕಂಠಪ್ಪ.

ಧೋಂಡಿಬಾ ತಲೆಯ ಮುಂಡಾಸು ಬಿಚ್ಚಿ ಗಾಯಕ್ಕೆ ಸುತ್ತಿ, ಎತ್ತನ್ನು ಎಬ್ಬಿಸಲು ನೋಡಿದ. ಅದು ಎದ್ದು, ಕಾಲೂರಲಾರದೆ ಮತ್ತೆ ಕುಸಿಯಿತು. ಅವನು ಸುತ್ತ ನಿಂತ ಮಾಸ್ತರರ ಮುಖಗಳನ್ನು ನೋಡುತ್ತ ನೀಲಕಂಠಪ್ಪನ ಬಳಿ ನಿಂತ. ಈಗ ಬೈಗುಳವಿರಲಿಲ್ಲ.

"ಮಾಸ್ತರ್, ಆಪ್ ಲೋಗ್ ಖೇತೀ ಕಾ ಮಾಸ್ತರ್ ಹೈ ನಾ? ಬೋಲೋ ನಾ, ಯೇ ಬೈಲ್ ಫಿರ್ ಚಲೇಗಾ ಕ್ಯಾ?"

ಬೇಸಾಯದ ಮಾಸ್ತರರಿಗೆ ಎತ್ತು ಮತ್ತೆ ನಡೆಯುತ್ತದೋ ಇಲ್ಲವೋ ಗೊತ್ತಿರುತ್ತದೆಂದು ಅವನು ನಂಬಿದ್ದ. ನೀಲಕಂಠಪ್ಪ ಎತ್ತಿನ ಕಾಲು ನೋಡಿದ. ನರ ತುಂಡಾಗಿತ್ತು. ಇಂಥ ಎತ್ತು ಇನ್ನೆಂದೂ ನೊಗಕ್ಕೆ ಬಾರದು, ಅದನ್ನು ಕೊಳ್ಳುವವನು ಕಟುಕನೊಬ್ಬನೇ.

"ಮುಝೆ ಕ್ಯಾ ಮಾಲೂಮ್," ತನಗೇನು ಗೊತ್ತು ಎಂದ. ಶೆಟ್ಟೆಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಎಂದ.