ಗುಡ್ಡ ಹತ್ತಬೇಕಾಗಿದ್ದ ಸಿತ್ರೊನೆತಾ

ನನ್ನ ಎತ್ತುಗಳ ಮುಂದೆ ಯಾವ ಎಂಜಿನ್ನೂ ಇಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಚಿಲೋಯೆ ದ್ವೀಪದ ಕೆಸರಿನಲ್ಲಿ ಹುಟ್ಟಿ ಬೆಳೆದವನು ಬೇರೇನು ಹೇಳಿಯಾನು? ಆದರೆ ನನ್ನ ಅಕ್ಕ ನೋಲ್ಫಾಳ ಗಂಡ ಬೌದಿಲಿಯೊ ಭಾವ ಇದನ್ನು ಒಪ್ಪುವವರಲ್ಲ. ಅವರು ದೋಣಿ ಎಂಜಿನ್ ರಿಪೇರಿ ಮಾಡುವವರು. ಎಂಜಿನ್ ಇಲ್ಲದ ಯಾವ ಪ್ರಾಣಿಯ ಮೇಲೂ ಅವರಿಗೆ ನಂಬಿಕೆಯಿಲ್ಲ, ನನ್ನನ್ನೂ ಸೇರಿಸಿ.

ಅವರ ಹತ್ತಿರ ಒಂದು ಹಳೇ ಸಿತ್ರೊನೆತಾ ಕಾರಿತ್ತು. ತೆಳ್ಳನೆಯ ತಗಡಿನ ಮೈ, ಎರಡೇ ಸಿಲಿಂಡರು, ಹಿಂದೆ ಸಾಮಾನು ತುಂಬಲು ಒಂದು ತೊಟ್ಟಿ. ನಾಲ್ಕು ಜನ ಸೇರಿದರೆ ಎತ್ತಿ ಪಕ್ಕಕ್ಕಿಡಬಹುದು, ಅಷ್ಟು ಹಗುರ. ಮುಂದಿನ ಚಕ್ರಗಳು ಮಾತ್ರ ಎಳೆಯುವ ಗಾಡಿ. ಅವರ ಮನೆಯೋ ಗುಡ್ಡದ ನೆತ್ತಿಯಲ್ಲಿ. ಮೇ ತಿಂಗಳಲ್ಲಿ ನಮ್ಮ ಚಳಿಗಾಲದ ಮಳೆ ಹಿಡಿಯಿತೆಂದರೆ ಅರ್ಧ ಗುಡ್ಡದಲ್ಲಿ ಮುಂದಿನ ಚಕ್ರ ಗಿರಗಿರ ತಿರುಗಿ ನಿಲ್ಲುತ್ತಿತ್ತು. ಆಮೇಲೆ ಮೂರು ಸಲ ಹಾರ್ನು. ಹಾರ್ನು ಕೇಳಿದ ಕೂಡಲೇ ನಾನು ಕಪಿತಾನ್ ಮತ್ತು ಲುಸೇರೊನನ್ನು ನೊಗಕ್ಕೆ ಕಟ್ಟಿ ಹೊರಡಬೇಕು.

"ಭಾವ, ಇದಕ್ಕೆ ಪೆಟ್ರೋಲ್ ಯಾಕೆ ದಂಡ? ಆ ದುಡ್ಡಿಗೆ ಹುಲ್ಲು ಹಾಕಿ, ಎಳೆಯೋರು ತಿನ್ಕೋತಾರೆ" ಎಂದು ನಾನು ಸರಪಳಿ ಬಿಗಿಯುತ್ತ ಹೇಳುತ್ತಿದ್ದೆ.

"ಬಾಯಿ ಮುಚ್ಕೊಂಡು ಎಳಿ, ಕ್ಲೋರಿಂದೊ."

"ನಾನೆಲ್ಲಿ ಎಳೀತೀನಿ ಭಾವ, ಕಪಿತಾನ್ ಎಳೀತಾನೆ. ಅವನಿಗೆ ಹೇಳಿ. ಅವನಂತೂ ಮಾತೇ ಆಡಲ್ಲ."

ಹೀಗೆ ಇಪ್ಪತ್ತು ಚಳಿಗಾಲ ಕಳೆಯಿತು. ಇಪ್ಪತ್ತೊಂದನೆಯದು ಶುರುವಾದ ವಾರ, ಅಕ್ಕ ಗ್ಯಾಸ್ ಸಿಲಿಂಡರನ್ನು ಕೆಸರಿನಲ್ಲಿ ಉರುಳಿಸಿಕೊಂಡು ಮನೆ ತಲುಪಿದವಳು, ಒಲೆಯ ಪಕ್ಕ ಕೂತು ಬೂಟು ಕಳಚುತ್ತ ಭಾವನಿಗೂ ನನಗೂ ಹೇಳಿದಳು:

"ಬರೋ ಫೆಬ್ರವರೀಲಿ, ಬೇಸಿಗೆಗೆ ನೆಲ ಒಣಗಿದ ಮೇಲೆ, ಈ ಮನೆ ಕೆಳಗೆ ರಸ್ತೆ ಪಕ್ಕಕ್ಕೆ ಹೋಗುತ್ತೆ."

ನಮ್ಮಲ್ಲಿ ಇದು ಬರೀ ಮಾತಲ್ಲ. ನಮ್ಮ ಮನೆಗಳು ಮರದವು. ದಿಮ್ಮಿಗಳ ಮೇಲೆ ಕೂರಿಸಿ, ಊರಿನ ಎತ್ತುಗಳನ್ನೆಲ್ಲ ಕಟ್ಟಿ, ಬಾಗಿಲು ಕಿಟಕಿ ಸಮೇತ ಎಳೆದುಕೊಂಡು ಹೋಗುತ್ತೇವೆ. ಅದಕ್ಕೆ ಮಿಂಗಾ ಎನ್ನುತ್ತೇವೆ. ಮನೆಯ ಯಜಮಾನ ತಾನೇ ಪ್ರತಿ ಮನೆಯ ಬಾಗಿಲಿಗೆ ಹೋಗಿ ಟೋಪಿ ತೆಗೆದು ಕೇಳಿಕೊಳ್ಳಬೇಕು. ಕೇಳಿದ ಮೇಲೆ ಯಾರೂ ಇಲ್ಲವೆನ್ನುವ ಹಾಗಿಲ್ಲ. ಕೂಲಿಯ ಮಾತಿಲ್ಲ, ಹೊಟ್ಟೆ ತುಂಬ ಊಟ, ಸೇಬಿನ ಹೆಂಡ, ಅಷ್ಟೇ.

ಭಾವನ ಮುಖ ಬಿಳಿಚಿಕೊಂಡಿತು. ಅದು ಅವರ ಅಪ್ಪ ಕಟ್ಟಿದ ಮನೆ. ಅಡುಗೆಮನೆಯ ಕಿಟಕಿಯಿಂದ ಇಡೀ ಕಡಲು ಕಾಣುತ್ತದೆ. ಯಾವ ದೋಣಿ ಬಂದರೂ ಕಣ್ಣು ಮುಚ್ಚಿಕೊಂಡೇ, "ಇದು ಡೆಲ್ಫಿನಂದು, ಎರಡನೇ ಸಿಲಿಂಡರ್ ಕೆಮ್ತಾ ಇದೆ" ಎಂದು ಹೇಳುವುದೇ ಅವರ ಜೀವನದ ಸುಖ.

"ಕೆಳಗೆ ಹೋದ್ರೆ ನಂಗೆ ಏನು ಕಾಣುತ್ತೆ ಮುದುಕಿ? ಬಸ್ ಸ್ಟಾಪು!"

"ಬಸ್ ಸ್ಟಾಪಲ್ಲಿ ಜನ ಇರ್ತಾರೆ ಮುದುಕ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನನ್ನ ಜೊತೆ ಮಾತೆ ಚಹಾ ಕುಡಿಯೋಕೆ ಇಲ್ಲಿಗೆ ಯಾರು ಬರ್ತಾರೆ? ಇವನು. ಇವನ ಎರಡು ಎತ್ತು. ಎತ್ತುಗಳಾದ್ರೂ ವಾಸಿ, ನಾನು ಹೇಳಿದ್ದು ಕೇಳಿಸ್ಕೋತಾವೆ."

ನನಗೆ ನಗು ಬಂತು, ಆದರೆ ಅಕ್ಕ ನಗಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಸಾನ್ ಹುವಾನ್ ಹಬ್ಬದ ದಿನ, ಅಂದರೆ ಕೆಸರು ತೀರ ಕೆಟ್ಟಿರುವ ಜೂನ್ ಕೊನೆಯಲ್ಲಿ, ಸಿತ್ರೊನೆತಾ ಎರಡು ಮೂಟೆ ಆಲೂಗಡ್ಡೆ, ಒಂದು ಗ್ಯಾಸ್ ಸಿಲಿಂಡರು ಮತ್ತು ಅಕ್ಕ, ಇಷ್ಟು ಸಾಮಾನು ಹೊತ್ತು ಗುಡ್ಡ ಹತ್ತಬೇಕು. ಎತ್ತು ಮುಟ್ಟಬಾರದು. ಹತ್ತಿದರೆ ಮನೆ ಅಲ್ಲೇ. ಹಾರ್ನು ಹೊಡೆದರೆ ಮನೆ ಕೆಳಗೆ.

ಮರುದಿನವೇ ಭಾವ ವಿಧವೆ ಒತೀಲಿಯಾಳ ಹಿತ್ತಲಿಗೆ ಹೋದರು. ಅಲ್ಲಿ ಒಂದು ಸತ್ತ ಸಿತ್ರೊನೆತಾದಲ್ಲಿ ಹನ್ನೊಂದು ಕೋಳಿಗಳು ಸಂಸಾರ ಮಾಡಿಕೊಂಡಿದ್ದವು. ಕೋಳಿಗಳಿಗೆ ಮರದ ಹೊಸ ಗೂಡು ಕಟ್ಟಿಕೊಟ್ಟು, ಅದರ ಎಂಜಿನ್, ಗೇರ್ ಪೆಟ್ಟಿಗೆ, ಚಕ್ರದ ಅಚ್ಚು ಎಲ್ಲ ಬಿಚ್ಚಿ ತಂದರು. ತಮ್ಮ ಗಾಡಿಯ ತೊಟ್ಟಿಯ ಅಡಿ ಕೊಯ್ದು ಆ ಎರಡನೆಯ ಎಂಜಿನ್ನನ್ನು ಹಿಂದಕ್ಕೆ ಕೂರಿಸಿದರು. ಮುಂದಿನದು ಮುಂದಿನ ಚಕ್ರಗಳಿಗೆ, ಹಿಂದಿನದು ಹಿಂದಿನ ಚಕ್ರಗಳಿಗೆ. ಎರಡಕ್ಕೂ ಒಂದೇ ಗೇರು, ಒಂದೇ ಪೆಡಲು. ನಡುವೆ ದೋಣಿಯ ಉಕ್ಕಿನ ತಂತಿ.

"ನಾಲ್ಕೂ ಚಕ್ರ ಎಳೆಯುತ್ತೆ ಕಣೋ. ನಿನ್ನ ಕಪಿತಾನ್‌ಗೆ ಇನ್ಮೇಲೆ ಪಿಂಚಣಿ" ಎಂದರು ನನಗೆ.

ಜೂನ್ ಮೊದಲ ಭಾನುವಾರ, ಪೂಜೆ ಮುಗಿಸಿ ಚರ್ಚಿನಿಂದ ಬಂದ ಜನರೆಲ್ಲ ಗುಡ್ಡದ ಬುಡದಲ್ಲಿ ಸೇರಿದರು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಎರಡು ಎಂಜಿನ್ನೂ ಹೊತ್ತಿಕೊಂಡವು. ಮೊದಲನೇ ಗೇರು ಹಾಕಿ ಕ್ಲಚ್ ಬಿಟ್ಟರು.

ಗಾಡಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಮುಂದಿನ ಚಕ್ರಗಳು ಮುಂದಕ್ಕೆ ಎಳೆದವು, ಹಿಂದಿನವು ಹಿಂದಕ್ಕೆ. ಮುಂದಿನವು ಕೆಸರನ್ನು ಹಿಂದಕ್ಕೆ ಚಿಮ್ಮಿದವು, ಹಿಂದಿನವು ಮುಂದಕ್ಕೆ ಚಿಮ್ಮಿದವು, ಎರಡೂ ಬಂದು ಕೂಡಿದ್ದು ಸರಿಯಾಗಿ ಭಾವ ಕೂತಿದ್ದ ಕಿಟಕಿಯಲ್ಲಿ. ಭಾವ ಇನ್ನೂ ಜೋರಾಗಿ ಪೆಡಲ್ ಒತ್ತಿದರು. ನಾಲ್ಕು ಗುಂಡಿ ತೋಡಿಕೊಂಡು ಗಾಡಿ ನಿಧಾನವಾಗಿ ಹೊಟ್ಟೆಯ ಮೇಲೆ ಕೂತಿತು. ನಾನು ಬೇಲಿ ಹಿಡಿದುಕೊಂಡು, ಪಕ್ಕೆ ನೋಯುವಷ್ಟು ನಕ್ಕೆ.

"ಭಾವ! ಇದೇನು ಗಂಡ ಹೆಂಡ್ತಿ ಜಗಳನಾ?"

ಕೆಸರಿನ ಮುಖದಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. "ಮಿಂಗಾದಲ್ಲಿ ಮನೆಗೆ ಹಿಂದೊಂದು ಜೋಡಿ ಎತ್ತು ಬೆನ್ನು ತಿರುಗಿಸಿ ಕಟ್ಟಲ್ವೇನೋ ನೀನು? ಹಿಂದಿನ ಎಂಜಿನ್ನೂ ಹಾಗೇ ಮುಖ ತಿರುಗಿಸಿ ಕೂರಿಸಿದೀನಿ."

"ಅಯ್ಯೋ ಭಾವ, ಅದು ಇಳಿಜಾರಲ್ಲಿ ಮನೆ ಜಾರದೆ ಇರ್ಲಿ ಅಂತ ಹಿಡ್ಕೊಳೋಕೆ! ನೀವು ಹತ್ತೋರೋ, ಇಳಿಯೋರೋ?"

ಇಡೀ ಊರು ನಕ್ಕಿತು. ಭಾವ ಮುಖದ ಕೆಸರು ಒರೆಸಿಕೊಂಡು ಮನೆ ಕಡೆ ಗುಡ್ಡ ಹತ್ತಿದರು. ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ, ಒಂದೇ ಗೇರಿನಲ್ಲಿದ್ದೂ ಹಿಂದಿನದೇಕೆ ಉಲ್ಟಾ ತಿರುಗಿತೆಂದು ಹೊಳೆಯಲೂ ಇಲ್ಲ. ಅಕ್ಕ ಸುಮ್ಮನಿದ್ದಿದ್ದರೆ ಅಲ್ಲಿಗೆ ಮನೆ ಅವಳ ಪಾಲಿಗೆ ಕೆಳಗೆ ಬಂದಂತೆಯೇ. ಆದರೆ ಎದುರಿಗಿರುವವರು ಪೆದ್ದು ಪೆದ್ದಾಗಿ ಒದ್ದಾಡುವುದನ್ನು ನೋಡಿಕೊಂಡಿರುವುದು ಅವಳಿಂದ ಆಗದ ಕೆಲಸ. ಉಣ್ಣೆ ನೂಲುತ್ತಿದ್ದವಳು ಕದಿರನ್ನು ಅವರ ಮೂಗಿನ ಮುಂದೆ ಹಿಡಿದಳು.

"ನೋಡು. ಹೀಗೆ ಹಿಡಿದ್ರೆ ಬಲಕ್ಕೆ ತಿರುಗುತ್ತೆ. ಈಗ ತಲೆಕೆಳಗೆ ಮಾಡ್ತೀನಿ. ಯಾವ ಕಡೆ ತಿರುಗ್ತಾ ಇದೆ?"

ಭಾವ ಕದಿರು ನೋಡಿದರು, ಅಕ್ಕನ ಮುಖ ನೋಡಿದರು, ತಟ್ಟೆಯಲ್ಲಿದ್ದ ಆಲೂಗಡ್ಡೆಯ ಮಿಲ್ಕಾವೊ ರೊಟ್ಟಿ ಎರಡನ್ನೂ ಒಂದೇ ಸಲ ಬಾಯಿಗೆ ತುರುಕಿಕೊಂಡು ಹೊರಗೆ ಓಡಿದರು. ಹಿಂದಿನ ಗೇರ್ ಪೆಟ್ಟಿಗೆ ಬಿಚ್ಚಿ, ಒಳಗಿನ ದೊಡ್ಡ ಹಲ್ಲುಚಕ್ರವನ್ನು ಆಚೆಯ ಮಗ್ಗುಲಿಗೆ ಹಾಕಿ ಜೋಡಿಸಲು ಅವರಿಗೆ ಎರಡು ವಾರ ಹಿಡಿಯಿತು.

ಸಾನ್ ಹುವಾನ್ ದಿನ ಮಳೆ ಸುರಿಯುತ್ತಿತ್ತು. ಆಲೂಗಡ್ಡೆ ಹೇರಿದರು, ಸಿಲಿಂಡರ್ ಹೇರಿದರು, ಅಕ್ಕ ಮಡಿಲಲ್ಲಿ ಕೈಯಿಟ್ಟುಕೊಂಡು ಮುಂದೆ ಕೂತಳು. ಈ ಸಲ ಗಾಡಿ ಹೊರಟಿತು. ನಾಲ್ಕೂ ಚಕ್ರ ಒಂದೇ ಕಡೆಗೆ! ಯಾವಾಗಲೂ ಸಿಕ್ಕಿಬೀಳುತ್ತಿದ್ದ ಜಾಗವನ್ನು ದಾಟಿಯೇ ಬಿಟ್ಟಿತು. ಊರವರು ಕೂಗುತ್ತ ಕೆಸರು ತುಳಿಯುತ್ತ ಹಿಂದೆಯೇ ಹತ್ತಿದರು. ಎತ್ತುಗಳೊಂದಿಗೆ ಕೊನೆಯ ತಿರುವಿನಲ್ಲಿ ನಿಂತಿದ್ದ ನನಗೆ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ?

ಅಲ್ಲೇ, ಗೇಟಿಗೆ ಮೂರು ಮಾರು ಇರುವಾಗ, ಜೇಡಿಮಣ್ಣಿನಲ್ಲಿ ನಾಲ್ಕೂ ಚಕ್ರ ಜಾರಿದವು. ಎರಡು ಎಂಜಿನ್ನೂ ಅರಚಿಕೊಂಡವು. ಗಾಡಿ ಒಂದಂಗುಲ ಮುಂದೆ ಹೋಗಿ ಎರಡಂಗುಲ ಹಿಂದೆ ಬಂತು. ನಾನು ಸರಪಳಿ ಕೈಗೆತ್ತಿಕೊಂಡೆ. ಭಾವನ ಕೈ ಹಾರ್ನಿನ ಮೇಲಿತ್ತು. ಮಾಡಲು ನನ್ನ ಹತ್ತಿರ ಒಳ್ಳೆಯ ತಮಾಷೆಯೊಂದು ಸಿದ್ಧವಾಗಿತ್ತು, ಆದರೆ ಅವರ ಮುಖ ನೋಡಿ ಸರಪಳಿಯನ್ನು ಬೆನ್ನ ಹಿಂದೆ ಮರೆಮಾಡಿದೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಕ್ಕ ಇಳಿದಳು, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಹಿಂದಕ್ಕೆ ಹೋಗಿ ತೊಟ್ಟಿಗೆ ಭುಜ ಕೊಟ್ಟಳು.

"ಪೆಡಲ್ ಒತ್ತು ಮುದುಕ, ಏನು ನೋಡ್ತಿದೀಯ!"

ಗಾಡಿ ಗೇಟು ದಾಟಿತು. ಅಕ್ಕ ಮುಂಗುರುಳಿನಿಂದ ಬೂಟಿನವರೆಗೆ ಕೆಸರಾಗಿ ನಿಂತು, ನಮ್ಮೆಲ್ಲರನ್ನೂ ದುರುಗುಟ್ಟಿ ನೋಡಿದಳು.

ಇಷ್ಟು ದೂರ ಹತ್ತಿ ಬಂದವರನ್ನು ಮಳೆಯಲ್ಲಿ ವಾಪಸು ಕಳಿಸುವುದುಂಟೇ? ಹದಿನಾಲ್ಕು ಜನ ಆ ಅಡುಗೆಮನೆಯಲ್ಲಿ ತುಂಬಿಕೊಂಡರು. ಮಾತೆ ಚಹಾದ ಸೋರೆಬುರುಡೆ ಕೈಯಿಂದ ಕೈಗೆ ಸುತ್ತಿತು. ಅಕ್ಕ ಎಲ್ಲರಿಗೂ ಬಿಸಿನೀರು ಹೊಯ್ಯುತ್ತ, ಒತೀಲಿಯಾಳ ಕೋಳಿಗಳಿಂದ ಹಿಡಿದು ಪಾದ್ರಿಯ ನೆಗಡಿಯವರೆಗೆ ಒಂದನ್ನೂ ಬಿಡದೆ ಮಾತಾಡಿದಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿ ವರ್ಷಗಳೇ ಆಗಿದ್ದವು. ಹೊರಗೆ ಕಡಲಿನಲ್ಲಿ ಒಂದು ಎಂಜಿನ್ ಸದ್ದು ಹಾದುಹೋಯಿತು.

"ಭಾವ, ಅದು ಯಾರ ದೋಣಿ?" ಎಂದು ಕೇಳಿದೆ.

"ಯಾವ ದೋಣಿ?" ಎಂದರು. ಅವರು ಅಕ್ಕನನ್ನೇ ನೋಡುತ್ತಿದ್ದರು.

ಜನ ಹೋದ ಮೇಲೆ ಜಗಳ ಶುರುವಾಯಿತು.

"ಮುದುಕಿ, ನಾನು ಸೋತೆ. ಷರತ್ತಿನಲ್ಲಿ ನೀನೂ ಸಾಮಾನು. ಸಾಮಾನು ಇಳಿದುಬಿಡ್ತು."

"ಇಳಿದ್ರೇನು? ಒಂದು ಭುಜ ಗಾಡಿ ಮೇಲೇ ಇತ್ತಲ್ಲ. ನೀನು ಗೆದ್ದೆ."

"ನೀನು ತಳ್ಳಿದೆ."

"ತಳ್ಳಲಿಲ್ಲ. ಒರಗಿಕೊಂಡೆ. ಸುಸ್ತಾಗಿತ್ತು."

"ಕ್ಲೋರಿಂದೊ, ನೀನು ನೋಡಿದೆಯಲ್ಲ, ಹೇಳು."

"ನನ್ನನ್ನ ಎಳೀಬೇಡಿ ಭಾವ" ಎಂದು ನಾನು ಎತ್ತು ಹೊಡೆದುಕೊಂಡು ಇಳಿದುಬಂದೆ.

ಬೆಳಿಗ್ಗೆ ಗುಡ್ಡದಿಂದ ಎರಡು ಎಂಜಿನ್ನಿನ ಸದ್ದು ಕೇಳಿಸಿತು. ಸಿತ್ರೊನೆತಾ ಪ್ರತಿ ಮನೆಯ ಮುಂದೂ ನಿಲ್ಲುತ್ತ ಬಂತು. ಒತೀಲಿಯಾಳ ಮನೆ, ಡೆಲ್ಫಿನನ ಮನೆ, ಆಮೇಲೆ ಉಳಿದ ಎಲ್ಲರದೂ. ಕೊನೆಯದು ನನ್ನ ಬಾಗಿಲು. ಭಾವ ಚರ್ಚಿಗೆ ಹಾಕುವ ಕೋಟು ಹಾಕಿದ್ದರು. ಮಳೆಯಲ್ಲೇ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು.

"ಕ್ಲೋರಿಂದೊ, ಫೆಬ್ರವರೀಲಿ ನನ್ನ ಮನೆ ಕೆಳಗಿಳಿಸಬೇಕು. ನಿನ್ನ ಎತ್ತು ಕೇಳೋಕೆ ಬಂದಿದೀನಿ."

ನಾನು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದೆ.

"ಒಳಗೆ ಬನ್ನಿ ಭಾವ, ನೆನೀತಿದೀರಿ" ಎಂದೆ. "ಎಷ್ಟು ಜೋಡಿ ಬೇಕು?"