ಇಂಚಿ ಕಚೇರಿ

ಎರಡನೇ ತರಗತಿಯ ಹತ್ತೊಂಬತ್ತು ಮಕ್ಕಳನ್ನು ಹೆದ್ದಾರಿ ದಾಟಿಸಲು ಇಬ್ಬರು ಪೋಷಕರು ಬೇಕು ಎಂದು ಶ್ರೀವಾಣಿ ಟೀಚರ್ ವಾಟ್ಸಾಪ್ ಗುಂಪಿನಲ್ಲಿ ಬರೆದಾಗ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ನನ್ನ ಬೆರಳು ತಪ್ಪಿ ಹೆಬ್ಬೆರಳಿನ ಚಿತ್ರದ ಮೇಲೆ ಬಿತ್ತು. ಹಾಗಾಗಿ ಅರ್ಧ ದಿನ ರಜೆ ಹಾಕಿ, ಬುಧವಾರ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ನಿಂತಿದ್ದವಳು ನಾನೊಬ್ಬಳೇ.

ಪಾಠದ ಹೆಸರು ‘ನಮ್ಮ ಊರಿನ ಸೇವೆಗಳು’. ಪಂಚಾಯತ್ ಮತ್ತು ಅಂಚೆ ಕಚೇರಿ ನೋಡಿ ಬರುವುದು, ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆ ಕೇಳುವುದು. ಈ ಪಾಠ ಹಿಂದಿನ ದಿನವೇ ದಾರಿ ತಪ್ಪಿತ್ತು ಎಂದು ನನ್ನ ಮಗಳು ಮೇಧಾ ಹೇಳಿದ್ದಳು. ಟೀಚರ್ ಬೋರ್ಡಿನ ಮೇಲೆ ‘ಅಂಚೆ ಕಚೇರಿ’ ಎಂದು ಬರೆದದ್ದೇ ತಡ, ಅನಂತೇಶ ಎದ್ದು ನಿಂತನಂತೆ.

“ಟೀಚರ್, ಅಂಚಿ ಕಚೇರಿ ಅಲ್ಲಿ ಉಂಟು. ಇಂಚಿ ಕಚೇರಿ ಎಲ್ಲಿ ಉಂಟು?”

ತುಳುವಿನಲ್ಲಿ ಅಂಚಿ ಎಂದರೆ ಆ ಕಡೆ, ಇಂಚಿ ಎಂದರೆ ಈ ಕಡೆ. ಮನೆಯಲ್ಲಿ ತುಳು ಮಾತಾಡುವ ಮಕ್ಕಳೆಲ್ಲ ಬೆಂಚು ಬಡಿದು ನಕ್ಕರು. ನಗದೆ ಕುಳಿತವಳು ರಾಜಶ್ರೀ ಒಬ್ಬಳೇ. ಅವಳ ಮನೆಯವರು ಕೊಪ್ಪಳದ ಕಡೆಯಿಂದ ಬಂದು ಇಲ್ಲಿ ಹೊಸ ಫ್ಲ್ಯಾಟುಗಳ ಕೆಲಸ ಮಾಡುವವರು. ಅನಂತೇಶ ಅವಳಿಗೆ ಬಹಳ ಗಂಭೀರವಾಗಿ ಅರ್ಥ ಬಿಡಿಸಿ ಹೇಳಿದ: “ಅಂಚಿ ಕಚೇರಿಯವರು ‘ಆ ಕಡೆ ಹೋಗಿ’ ಅಂತಾರೆ. ಇಂಚಿ ಕಚೇರಿಯವರು ‘ಈ ಕಡೆ ಬನ್ನಿ, ಎಂತ ಬೇಕು’ ಅಂತ ಕೇಳ್ತಾರೆ.” ರಾಜಶ್ರೀ ನಂಬಿದಳು.

ಹೆದ್ದಾರಿ ದಾಟಿದ ಮೇಲೆ ನನ್ನ ಕೈ ಹಿಡಿದದ್ದು ಇದೇ ರಾಜಶ್ರೀ. ಬಿಸಿಲು ಸುಡುತ್ತಿತ್ತು. ಕೊರಳಿಗೆ ನೇತುಹಾಕಿದ ಬಾಟಲಿಯಲ್ಲಿ ನೀರು ತುಂಬಿಯೇ ಇತ್ತು.

“ನೀರು ಕುಡಿ ಮಗಾ.”

“ಒಲ್ಲೆರೀ ಆಂಟಿ. ಕುಡಿದ್ರ ಪಾಯಖಾನಿಗೆ ಹೋಗಬೇಕಾಗ್ತದ. ಬಾಗಲಿಗೆ ಚಿಲಕ ಇಲ್ಲ.”

ಹುಡುಗಿಯರ ಶೌಚಾಲಯದ ಬಾಗಿಲು ಹಾಳಾಗಿ ಸ್ಕ್ರೂ ಹಿಡಿಯುತ್ತಿರಲಿಲ್ಲ. ಹೆಡ್‌ಮಾಸ್ತರರು ಎರಡು ಸಲ ಹಾಕಿಸಿದ ಚಿಲಕ ಎರಡು ಸಲವೂ ಕೈಗೆ ಬಂದಿತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿಯುವುದು ರೂಢಿ.

“ನಿನ್ನ ಫ್ರೆಂಡ್ ಯಾರಾದರೂ ಹಿಡಿಯುವುದಿಲ್ಲವಾ?”

“ಒಬ್ಬಾಕಿ ಹಿಡಿದಿದ್ಳರಿ. ಮೀನಿನ ಸ್ಕೂಟರ್ ಪೋಂ ಪೋಂ ಅಂತ ಬಂತು. ನೋಡಾಕ ಓಡಿಹೋದ್ಳು. ಬಾಗಲಾ ಪೂರಾ ತೆರಕೊಂತು. ಗಂಡುಹುಡುಗ್ರೆಲ್ಲಾ ಅಲ್ಲೇ ಕಬಡ್ಡಿ ಆಡಾಕತ್ತಿದ್ರು.”

“ಯಾರವಳು?”

ರಾಜಶ್ರೀ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಡೆದಳು. ನಮ್ಮ ಮುಂದೆ ನಡೆಯುತ್ತಿದ್ದ ಮೇಧಾ ಮಾತ್ರ ಇದ್ದಕ್ಕಿದ್ದಂತೆ ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದಳು. ಪಟ್ಟಿ ಸರಿಯಾಗಿಯೇ ಇತ್ತು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಈ ಹುಡುಗಿ ನೀರು ಮುಟ್ಟದಿರುವುದು ನನ್ನ ಮಗಳ ಮೀನಿನ ಪ್ರೀತಿಯಿಂದ ಎಂದು ನನಗೆ ಗೊತ್ತಾಯಿತು.

ಪಂಚಾಯತ್‌ನಲ್ಲಿ ಗುಮಾಸ್ತ ವಿಜಯೀಂದ್ರರು ಮಕ್ಕಳಿಗೆ ಚಾಕೊಲೇಟು ಹಂಚಿದರು. ದಾರಿದೀಪ, ನೀರು, ಕಸದ ಗಾಡಿ ಎಲ್ಲ ನಮ್ಮದೇ ಎಂದು ಎದೆಯುಬ್ಬಿಸಿ ವಿವರಿಸಿದರು. “ಪ್ರಶ್ನೆ ಕೇಳಿ, ಹೆದರಬೇಡಿ” ಎಂದರು.

“ಕುರ್ಚಿ ತಿರುಗ್ತದಾ?” ಎಂದ ಅನಂತೇಶ. ತಿರುಗಿಸಿ ತೋರಿಸಿದರು.

ರಾಜಶ್ರೀ ಕೈ ಎತ್ತಿದಳು. “ನಮ್ಮ ಶಾಲಿ ಪಾಯಖಾನಿಗೆ ಚಿಲಕ ಹಾಕಿಸಿಕೊಡ್ತೀರೇನ್ರಿ?”

ಕುರ್ಚಿ ನಿಂತಿತು. “ಅದು ನಮಗೆ ಬರುವುದಿಲ್ಲ ಪುಟ್ಟಾ. ಶಿಕ್ಷಣ ಇಲಾಖೆಯವರದ್ದು. ಆ ಕಡೆ ಕೇಳಬೇಕು.”

ಶ್ರೀವಾಣಿ ಟೀಚರ್ ಮೆಲ್ಲಗೆ, “ಆ ಕಡೆ ಕೇಳಿದ್ದೇವೆ ಸರ್. ಅವರು ಈ ಕಡೆ ಕೇಳಿ ಅಂದಿದ್ದಾರೆ” ಎಂದರು. ವಿಜಯೀಂದ್ರರು ಇನ್ನೊಂದು ಸುತ್ತು ಚಾಕೊಲೇಟು ಹಂಚಿದರು.

ಹೊರಗೆ ಬಂದ ಕೂಡಲೇ ರಾಜಶ್ರೀ ಅನಂತೇಶನ ಕಿವಿಯಲ್ಲಿ ಹೇಳಿದಳು: “ಇದೂ ಅಂಚಿ ಕಚೇರಿನೇ ಅದ.”

ಅಂಚೆ ಕಚೇರಿ ಒಂದೇ ಕೋಣೆಯದು. ಅಲ್ಲಿ ಪತ್ರ ವಿಂಗಡಿಸುವವರೂ ಮನೆಮನೆಗೆ ಹಂಚುವವರೂ ಒಲಿಂಡಾ ಬಾಯಿಯೇ. ಮಕ್ಕಳಿಗೆ ಮುದ್ರೆ ಒತ್ತುವುದನ್ನು ತೋರಿಸಿ, ಮೊದಲ ಮೂವರ ಅಂಗೈಗೂ ಒತ್ತಿಕೊಟ್ಟರು. ರಾಜಶ್ರೀಯ ಸರದಿ ಬಂದಾಗ ಅವಳು ಅಂಗೈ ಚಾಚಲಿಲ್ಲ.

“ಇಂಚಿ ಕಚೇರಿ ಎಲ್ಲದರಿ? ಅಲ್ಲಿಗೆ ಪತ್ರ ಹೋಗ್ತದೇನ್ರಿ?”

ಒಲಿಂಡಾ ಬಾಯಿಗೆ ಮೊದಲು ಅರ್ಥವಾಗಲಿಲ್ಲ. ಅನಂತೇಶ ವಿವರಿಸಿದ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಪಾಯಖಾನೆಯ ಕತೆಯನ್ನೂ ಕೇಳಿದರು. ಈ ಸಲ ನಗಲಿಲ್ಲ. ಡ್ರಾಯರಿನಿಂದ ಒಂದು ಪೋಸ್ಟ್‌ಕಾರ್ಡ್ ತೆಗೆದು ಕೊಟ್ಟರು.

“ಬರಿ ಮಗಾ. ತಲುಪಿಸುವುದು ನನ್ನ ಕೆಲಸ.”

ರಾಜಶ್ರೀ ನೆಲದ ಮೇಲೆ ಬೋರಲು ಮಲಗಿ ಬರೆದಳು. ‘ಇಂಚಿ ಕಚೇರಿಗೆ. ನಮ್ಮ ಶಾಲಿ ಹುಡಿಗೀರ ಪಾಯಖಾನಿಗೆ ಚಿಲಕ ಇಲ್ಲರಿ. ನಾ ದಿನಾ ನೀರು ಕುಡಿಯಂಗಿಲ್ಲ. ಲಗೂನ ಹಾಕಸ್ರಿ. ರಾಜಶ್ರೀ, ಎರಡನೇತ್ತಾ.’

ಟೀಚರ್ ಕಾಗುಣಿತ ತಿದ್ದಲು ಪೆನ್ನು ತೆಗೆದರು. “ಬೇಡ ಟೀಚರ್, ಹಾಗೇ ಇರಲಿ” ಎಂದರು ಒಲಿಂಡಾ ಬಾಯಿ.

ಮುಂದೆ ನಡೆದದ್ದನ್ನು ಶುಕ್ರವಾರ ನನ್ನ ಪಾರ್ಸೆಲ್ ಕೊಡಲು ಬಂದ ಅವರೇ ಗೇಟಿನಲ್ಲಿ ನಿಂತು ಹೇಳಿದರು. ಗುರುವಾರ ಪಂಚಾಯತ್‌ನಲ್ಲಿ ಜನ ಅರ್ಜಿ ಹಿಡಿದು ಸಾಲುಗಟ್ಟುವ ಹೊತ್ತಿಗೇ ಸರಿಯಾಗಿ ಇವರು ಹೋಗಿದ್ದಾರೆ. ಕಾರ್ಡನ್ನು ಎತ್ತಿ ಹಿಡಿದು, ವಿಳಾಸವನ್ನೂ ಒಕ್ಕಣೆಯನ್ನೂ ಇಗರ್ಜಿಯಲ್ಲಿ ಬೈಬಲ್ ಓದುವ ಹಾಗೆ ಗಟ್ಟಿಯಾಗಿ ಓದಿದ್ದಾರೆ.

“ಇಂಚಿ ಕಚೇರಿ ಅಂತ ಇಲ್ಲಿ ಯಾವುದೂ ಇಲ್ಲ ಬಾಯಿ,” ಎಂದರು ವಿಜಯೀಂದ್ರರು.

“ಆಯ್ತು. ಹಾಗಾದ್ರೆ ಇದರ ಮೇಲೆ ಬರೆದುಕೊಡಿ, ‘ನಮ್ಮದು ಇಂಚಿ ಕಚೇರಿ ಅಲ್ಲ, ಅಂಚಿ ಕಚೇರಿ’ ಅಂತ. ಸೈನ್ ಬೇಕು, ಸೀಲ್ ಕೂಡ ಬೇಕು. ರೂಲ್ಸ್ ಉಂಟು.”

ಸಾಲಿನಲ್ಲಿದ್ದ ಅಜ್ಜನೊಬ್ಬ, “ಹಾಕಿ ಮಾರಾಯ್ರೆ, ನಾನು ಮೂರು ತಿಂಗಳಿಂದ ಬರ್ತಾ ಇದ್ದೇನೆ. ಬೇಕಾದ್ರೆ ಸಾಕ್ಷಿ ಸೈನ್ ನಾನು ಹಾಕ್ತೇನೆ” ಎಂದನಂತೆ. ಸಾಲೆಲ್ಲ ನಕ್ಕಿತು. ಗದ್ದಲ ಕೇಳಿ ಒಳಗಿನಿಂದ ಪಿಡಿಒ ಮೇಡಂ ಹೊರಗೆ ಬಂದರು, ಕಾರ್ಡು ಓದಿದರು. ವಿಜಯೀಂದ್ರರ ಪೆನ್ನು ಗಾಳಿಯಲ್ಲೇ ನಿಂತಿತ್ತು. ಸೀಲು ಹಾಕಿದರೆ ಊರೆಲ್ಲ ಅದೇ ಹೆಸರಿನಿಂದ ಕರೆಯುತ್ತದೆ. ಹಾಕದಿದ್ದರೆ ಪತ್ರ ತಮ್ಮದೇ ಎಂದು ಒಪ್ಪಿದ ಹಾಗೆ.

“ಇನ್‌ವರ್ಡ್ ಮಾಡಿ,” ಎಂದರು ಮೇಡಂ.

ಒಳಬರುವ ಪತ್ರಗಳ ಪುಸ್ತಕದಲ್ಲಿ ರಾಜಶ್ರೀಗೆ ಒಂದು ನಂಬರು ಬಿತ್ತು. ನಂಬರು ಬಿದ್ದ ಪತ್ರಕ್ಕೆ ಉತ್ತರ ಕೊಡಲೇಬೇಕು.

“ಬಾಯಿ, ಪೋಸ್ಟ್‌ಕಾರ್ಡಿಗೆ ಸೈನ್ ತೆಗೆದುಕೊಳ್ಳುವ ರೂಲ್ಸ್ ನಿಜವಾಗಿಯೂ ಉಂಟಾ?” ಎಂದು ಕೇಳಿದೆ.

“ಎಂತದ್ದೂ ಇಲ್ಲ,” ಎಂದು ಒಲಿಂಡಾ ಬಾಯಿ ಸ್ಕೂಟರ್ ಏರಿದರು.

ಅದರ ಮುಂದಿನ ಶನಿವಾರ ಮೇಧಾಳನ್ನು ಕರೆತರಲು ಶಾಲೆಗೆ ಹೋದಾಗ ಶೌಚಾಲಯದ ಮುಂದೆ ಹುಡುಗಿಯರ ದೊಡ್ಡ ಸಾಲಿತ್ತು. ನೀಲಿ ಬಣ್ಣದ ಹೊಸ ಬಾಗಿಲು. ಬೆಳಿಗ್ಗೆ ತಾನೇ ಪಂಚಾಯತ್‌ನವರು ಕೂರಿಸಿ ಹೋಗಿದ್ದರಂತೆ. ಸಾಲಿನ ಮೊದಲಿಗೆ ಮೇಧಾ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಕುಣಿಯುತ್ತಿದ್ದಳು. ಹೊರಗಿನ ಕಟ್ಟೆಯ ಮೇಲೆ ರಾಜಶ್ರೀಯ ನೀರಿನ ಬಾಟಲಿ ಪೂರ್ತಿ ಖಾಲಿಯಾಗಿ ಅಡ್ಡ ಬಿದ್ದಿತ್ತು.

ಒಳಗಿನಿಂದ ಟಕ್ ಎಂದು ಚಿಲಕ ಹಾಕಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ತೆಗೆದ ಸದ್ದು. ಬಾಗಿಲು ತೆರೆಯುವಷ್ಟರಲ್ಲಿ ಮತ್ತೆ ಟಕ್.

“ಎಂತ ಮಾಡ್ತಾ ಇದ್ದಿ ಮಾರಾಯ್ತಿ? ಹೊರಗೆ ಬಾ!” ಮೇಧಾ ಬಾಗಿಲು ಬಡಿದಳು.

“ಏನೂ ಮಾಡಾಕತ್ತಿಲ್ಲ,” ಎಂದಿತು ಒಳಗಿನ ದನಿ, ಬಹಳ ಆರಾಮಾಗಿ. “ನಾ ಒಬ್ಬಾಕೀನೇ ಅದೀನಿ.”